ಕರುಣೆಯೂ ನಿತ್ಯನರಕವೂ

ದೇವರು ಕರುಣಾಮಯನೆಂದು ಹೇಳದ ಭಕ್ತನಿಲ್ಲ. ಆ ಕರುಣಾಮಯನ ಆಳಿಕೆಯಲ್ಲಿ ಎಂದೆಂದಿಗೂ ಮುಗಿಯದ ನರಕವೊಂದು ಇರಬಹುದೆ? ನಮ್ಮ ಪಟ್ಟಣಗಳ ವಿದ್ಯಾವಂತರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕ್ರೈಸ್ತಮತದವರ ಮುಂದಿಟ್ಟು, ಇದು ಅವರ ಮನೆಯ ತೊಡಕು, ಪುನರ್ಜನ್ಮವನ್ನು ನಂಬಿದ ನಮಗೆ ಇದರ ಸೋಂಕಿಲ್ಲ ಎಂದು ಸಮಾಧಾನ ತಾಳುವುದುಂಟು. ಆ ಸಮಾಧಾನವು ಅಷ್ಟೇನೂ ಗಟ್ಟಿಯಾದುದಲ್ಲ. ಕುಷ್ಟಗಿಗೆ ಈಶಾನ್ಯದಲ್ಲಿರುವ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿಯ ಕಾಲದಿಂದಲೂ ಕ್ರೈಸ್ತ ಸಮುದಾಯವುಂಟು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಈ ಪ್ರಶ್ನೆಯು ಏಳಲು ಹೊರಗಿನವರು ಬರಬೇಕಾಗಿರಲಿಲ್ಲ.

ಗಂಗಾವತಿಯಿಂದ ಆನೆಗೊಂದಿಗೆ ಹೋಗಿ, ಅಲ್ಲಿ ತುಂಗಭದ್ರೆಯನ್ನು ದೋಣಿಯಲ್ಲಿ ದಾಟಿದರೆ ನವಬೃಂದಾವನವೆಂಬ ನಡುಗಡ್ಡೆಯನ್ನು ಸೇರುತ್ತೇವೆ. ಮಾಧ್ವಸಂಪ್ರದಾಯದ ಒಂಬತ್ತು ಮಂದಿ ಯತಿಗಳು ಅಲ್ಲಿ ವೃಂದಾವನಸ್ಥರಾಗಿದ್ದಾರೆ. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರು ಅವರಲ್ಲೊಬ್ಬರು. ವಿಜಯನಗರದ ಅರಸರಿಂದ ಗೌರವ ಪಡೆದು, ‘ನ್ಯಾಯಾಮೃತ’ವನ್ನು ಬರೆದು, 1539ರಲ್ಲಿ ಕಾಲವಾದ ವ್ಯಾಸತೀರ್ಥರು ಇನ್ನೊಬ್ಬರು. ಭಾರತದ ವೇದಾಂತಗಳಲ್ಲಿ ನಿತ್ಯನರಕವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ದರ್ಶನವು ಈ ಯತಿಗಳದು.

ಪುರಾಣಗಳ ನರಕವು ಒಂದು ಸೆರೆಮನೆಯಂತೆ. ಭಾಗವತವು ಇಪ್ಪತ್ತೆಂಟು ನರಕಗಳನ್ನು ಹೆಸರಿಸುತ್ತದೆ; ಎಷ್ಟೇ ಘೋರವಾಗಿದ್ದರೂ ಪಾಪವು ಸವೆದೊಡನೆ ಜೀವನು ಹೊರಬಂದು ಮತ್ತೆ ಹುಟ್ಟುತ್ತಾನೆ. ಮಧ್ವರು ಇದನ್ನು ಅಲ್ಲಗಳೆಯಲಿಲ್ಲ, ಇದರಾಚೆಗೆ ಹೋದರು. ಅವರ ಮತದಲ್ಲಿ ಜೀವರು ಮೂರು ಬಗೆ: ಮುಕ್ತಿಗೆ ಯೋಗ್ಯರು, ಸಂಸಾರದಲ್ಲಿಯೇ ಸುತ್ತುವವರು, ತಮಸ್ಸಿಗೆ ಯೋಗ್ಯರು. ಮೂರನೆಯವರು ಕೊನೆಗೆ ಸೇರುವುದು ಅಂಧಂತಮಸ್ಸು. ಅಲ್ಲಿಂದ ಮರಳುವಿಕೆಯಿಲ್ಲ. ಗ್ರಿಯರ್ಸನ್ನನಂಥ ಪಾಶ್ಚಾತ್ಯ ವಿದ್ವಾಂಸರು ಇಲ್ಲಿ ಕ್ರೈಸ್ತಪ್ರಭಾವವನ್ನು ಊಹಿಸಿದರು. ಆಸುರೀ ಸ್ವಭಾವದವರು ಕೆಳಗೆ ಕೆಳಗೆ ಇಳಿಯುತ್ತಾರೆಂದು ಗೀತೆಯ ಹದಿನಾರನೆಯ ಅಧ್ಯಾಯವೇ ಹೇಳುತ್ತಿರುವಾಗ, ಬೀಜವನ್ನು ಹುಡುಕಿಕೊಂಡು ಅಷ್ಟು ದೂರ ಹೋಗಬೇಕೆಂದು ನಮಗೆ ತೋರುವುದಿಲ್ಲ. ಎರಡು ಮತಗಳ ತರ್ಕವೂ ಬೇರೆ ಬೇರೆಯಾದುದು.

ಕ್ರೈಸ್ತಮತದ ಬಹುಪಾಲು ಆಚಾರ್ಯರ ಪ್ರಕಾರ ಆತ್ಮವು ದೇವರಿಂದ ಸೃಷ್ಟಿಯಾದುದು. ದೇವರೋ ಮುಂದಾಗುವುದೆಲ್ಲವನ್ನೂ ಬಲ್ಲವನು. ಹಾಗಿದ್ದರೆ ಕೆಡುವುದೆಂದು ತಿಳಿದ ಆತ್ಮವನ್ನು ಸೃಷ್ಟಿಸಿದುದೇಕೆ? ಈ ಮುಳ್ಳು ಮೊದಲಿನಿಂದಲೂ ಅವರನ್ನು ಚುಚ್ಚಿದೆ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಆರಿಗೆನನು, ನರಕದ ಬೆಂಕಿಯು ಚಿನ್ನವನ್ನು ಪುಟವಿಡುವ ಬೆಂಕಿಯಂತೆ ಶುದ್ಧಿಗಾಗಿಯೇ ಇರುವುದು, ಕಟ್ಟಕಡೆಗೆ ಎಲ್ಲವೂ ದೇವರಲ್ಲಿ ನೆಲೆಗೊಳ್ಳುವುದು ಎಂಬ ಆಶೆಯನ್ನು ಮುಂದಿಟ್ಟನು. ಆರನೆಯ ಶತಮಾನದಲ್ಲಿ ಅವನ ಹೆಸರಿನ ವಾದಗಳಿಗೆ ಬಹಿಷ್ಕಾರವಾಯಿತು. ಅಗಸ್ಟೀನನ ಮಾತು ಕಠಿಣವಾದುದು, ಆದರೆ ಸುಲಭವಾಗಿ ತಳ್ಳಿಹಾಕುವಂಥದಲ್ಲ: ಸುವಾರ್ತೆಯು ನಿತ್ಯಜೀವವನ್ನೂ ನಿತ್ಯದಂಡನೆಯನ್ನೂ ಒಂದೇ ಉಸಿರಿನಲ್ಲಿ, ಒಂದೇ ವಿಶೇಷಣದಿಂದ ಹೇಳುತ್ತದೆ, ಒಂದನ್ನು ಮೊಟಕುಮಾಡಿದರೆ ಇನ್ನೊಂದೂ ಮೊಟಕಾಗುವುದು. 1853ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕನಾಗಿದ್ದ ಮಾರಿಸ್ ಎಂಬಾತನು ‘ನಿತ್ಯ’ವೆಂದರೆ ತುದಿಯಿಲ್ಲದ ಕಾಲವೆಂದೇ ಅರ್ಥವಲ್ಲವೆಂದು ಬರೆದು ತನ್ನ ಪೀಠವನ್ನೇ ಕಳೆದುಕೊಂಡನು. ಇತ್ತೀಚಿನವರು ಹೆಚ್ಚಾಗಿ ಹಿಡಿದಿರುವ ದಾರಿಯು ಸ್ವಾತಂತ್ರ್ಯದ್ದು: ದೇವರು ಯಾರನ್ನೂ ನೂಕುವುದಿಲ್ಲ, ಮನುಷ್ಯನೇ ಬರಲೊಲ್ಲೆನೆನ್ನುತ್ತಾನೆ, ಬಲವಂತದಿಂದ ಎಳೆದು ತಂದರೆ ಅದು ಪ್ರೇಮವಾಗದು.

ಮಧ್ವರಿಗೆ ಈ ಮುಳ್ಳು ಮೊದಲು ತಾಕುವುದಿಲ್ಲ. ಜೀವನು ಅನಾದಿ, ಅವನನ್ನು ಯಾರೂ ಇಲ್ಲದುದರಿಂದ ಉಂಟುಮಾಡಲಿಲ್ಲ. ಬ್ರಹ್ಮಸೂತ್ರಗಳಲ್ಲಿ ಈ ಪ್ರಶ್ನೆಗೆಂದೇ ವೈಷಮ್ಯನೈರ್ಘೃಣ್ಯಾಧಿಕರಣವೆಂಬ ಭಾಗವೊಂದಿದೆ. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯೂ ನಿರ್ದಯನೂ ಆಗುವುದಿಲ್ಲವೆ? ಆಗುವುದಿಲ್ಲ, ಅವನು ಜೀವರ ಕರ್ಮವನ್ನು ನೋಡಿ ಕೊಡುತ್ತಾನೆಂಬುದು ಉತ್ತರ. ಶಂಕರರು ಇಲ್ಲಿ ಮಳೆಯ ದೃಷ್ಟಾಂತವನ್ನು ಕೊಡುತ್ತಾರೆ: ಮಳೆಯು ಎಲ್ಲಕ್ಕೂ ಸಮ, ಬೆಳೆಯ ಭೇದವು ಬೀಜದ್ದು. ಮಧ್ವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಕರ್ಮಕ್ಕೂ ಹಿಂದೆ ಪ್ರತಿಯೊಂದು ಜೀವಕ್ಕೆ ತನ್ನದೇ ಆದ ಅನಾದಿ ಯೋಗ್ಯತೆಯುಂಟೆಂದರು. ಎರೆಯ ಹೊಲದಲ್ಲಿ ಒಂದೇ ಮಳೆಗೆ ಜೋಳವೂ ಬೇವೂ ಏಳುತ್ತವೆ. ಬೇವಿನ ಕಹಿಯನ್ನು ಮೋಡವು ತರಲಿಲ್ಲ.

ಇದರಿಂದ ದೇವರ ಮೇಲಿನ ಆರೋಪವು ಹಗುರವಾಯಿತು, ಜೀವನ ಪಾಡು ಭಾರವಾಯಿತು. ಕ್ರೈಸ್ತನ ನರಕಕ್ಕೆ ಹೋಗುವವನಿಗೆ, ಬದುಕಿರುವಷ್ಟು ದಿನವಾದರೂ, ತಿರುಗುವ ದಾರಿಯಿತ್ತು. ತಮೋಯೋಗ್ಯನಿಗೆ ಅದು ಎಂದೂ ಇರಲಿಲ್ಲ. ಅಷ್ಟೇ ಅಲ್ಲ, ಮಧ್ವರ ಹರಿಯು ಸರ್ವಸ್ವತಂತ್ರನು. ಜೀವವೂ ಸ್ವಭಾವವೂ ಅವನ ಅಧೀನವೆಂದು ಅವರೇ ಸಾರಿದ್ದಾರೆ. ಹಾಗಾದರೆ ಬದಲಾಯಿಸಬಾರದೆ? ಬದಲಾಯಿಸಬಲ್ಲನು, ಬದಲಾಯಿಸುವುದಿಲ್ಲ ಎಂಬುದು ಸಂಪ್ರದಾಯದ ಉತ್ತರ. ಈ ಉತ್ತರದ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ. ಅದು ನಮ್ಮನ್ನು ತೃಪ್ತಿಪಡಿಸುತ್ತದೆಂದು ಹೇಳಲಾರೆವು.

ದೇವರನ್ನೇ ಬಿಟ್ಟುಬಿಟ್ಟರೆ ತೊಡಕು ಬಿಡುವುದೆ ಎಂದು ಕೇಳಬಹುದು. ಕೊಪ್ಪಳವು ಹಿಂದೆ ಕೊಪಣವೆಂಬ ಜೈನ ಮಹಾತೀರ್ಥವಾಗಿತ್ತು. ಸೃಷ್ಟಿಕರ್ತನನ್ನು ಒಪ್ಪದ ಜೈನರಲ್ಲಿ ಏಳನೆಯ ನರಕದ ಪರಮಾಯುಸ್ಸು ಮೂವತ್ತಮೂರು ಸಾಗರೋಪಮ. ಊಹೆಗೆ ನಿಲುಕದ ಕಾಲವಾದರೂ ಅದಕ್ಕೆ ಮುಗಿವುಂಟು. ಆದರೆ ಅವರಲ್ಲಿಯೂ ಎಂದೂ ಮೋಕ್ಷಕ್ಕೆ ಸಲ್ಲದ ‘ಅಭವ್ಯ’ ಜೀವರುಂಟು. ಆದುದರಿಂದ ಶಾಶ್ವತವಾದ ನಷ್ಟದ ಕಲ್ಪನೆಯು ದೇವರ ಸಿಟ್ಟಿನಿಂದಲೇ ಹುಟ್ಟಿತೆನ್ನಲಾಗದು. ಕೆಲವು ಕೇಡುಗಳು ಎಷ್ಟು ಕಾಲ ಕೊಟ್ಟರೂ ತಿರುಗುವುದಿಲ್ಲವೆಂಬುದನ್ನು ಕಣ್ಣಾರೆ ಕಂಡವರ ಅನುಭವವೂ ಅದರ ಹಿಂದಿರಬೇಕು. ದುರ್ಯೋಧನನೂ ಧರ್ಮರಾಯನೂ ಕೊನೆಗೆ ಒಂದೇ ಪಂಕ್ತಿಯಲ್ಲಿ ಕೂಡುವರೆಂದರೆ ಧರ್ಮರಾಯನ ಕಷ್ಟಕ್ಕೆ ಬೆಲೆಯೇನುಳಿಯಿತು ಎಂದು ಅವರು ಕೇಳುತ್ತಾರೆ. ಇನ್ನೊಂದು ಕಡೆಯ ಮಾತೂ ಇದೇ ಕೊಪ್ಪಳದಲ್ಲಿಯೇ ಇದೆ. ಗವಿಮಠದ ಬಂಡೆಯ ಮೇಲೆಯೂ ಪಾಲ್ಕಿಗುಂಡಿನ ಮೇಲೆಯೂ ಇರುವ ಅಶೋಕನ ಶಾಸನವು, ಹಿರಿಯರು ಮಾತ್ರವಲ್ಲ, ಅಲ್ಪನೂ ಪ್ರಯತ್ನಪಟ್ಟರೆ ಸ್ವರ್ಗವನ್ನು ಪಡೆಯಬಹುದೆಂದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಸಾರಿತು. ಯೋಗ್ಯತೆಯ ವಿಂಗಡಣೆ ಅಲ್ಲಿಲ್ಲ.

ಮಾಧ್ವರ ಮನೆಗಳಲ್ಲಿ ಈ ಸಿದ್ಧಾಂತದೊಡನೆ ಹೇಗೆ ಬಾಳಿದರೆಂಬುದನ್ನು ಮಾನವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ದಲ್ಲಿ ಕಾಣಬಹುದು. ಅದೊಂದೇ ಗ್ರಂಥದೊಳಗೆ ದೈತ್ಯರ ಅಧಃಪಾತವನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುವ ದೈತ್ಯತಾರತಮ್ಯ ಸಂಧಿಯೂ ಇದೆ, ಕರುಣಾಸಂಧಿಯೂ ಇದೆ. ಕರುಣಾಸಂಧಿಯ ಹರಿಯು, ಭಕ್ತನು ಮಲಗಿ ಹಾಡಿದರೆ ತಾನು ಎದ್ದು ಕುಳಿತು ಕೇಳುವಂಥವನು. ಯಾರು ತಮೋಯೋಗ್ಯರೆಂದು ಗುರುತಿಸುವ ಅಧಿಕಾರವು ನಮ್ಮಂಥವರಿಗಿಲ್ಲ. ವಾದದ ಬಿರುಸಿನಲ್ಲಿ ಎದುರಾಳಿಗೆ ಆ ಹೆಸರಿಟ್ಟವರು ಇಲ್ಲದಿಲ್ಲ, ಅದು ಸಿದ್ಧಾಂತದ ದುರ್ಬಳಕೆಯೆಂದೇ ನಮ್ಮ ಭಾವನೆ. ಮನೆಗಳಲ್ಲಿ ದಿನದಿನವೂ ಹಾಡುವುದನ್ನು ನಾವು ಕೇಳಿರುವುದು ಕರುಣಾಸಂಧಿಯನ್ನು.

2019ರ ಜುಲೈ ತಿಂಗಳಿನಲ್ಲಿ ನಿಧಿಯ ಆಶೆಯಿಂದ ಕೆಲವರು ರಾತ್ರಿಯಲ್ಲಿ ನಡುಗಡ್ಡೆಗೆ ಹೋಗಿ ವ್ಯಾಸತೀರ್ಥರ ಬೃಂದಾವನವನ್ನೇ ಅಗೆದು ಕೆಡವಿದರು. ಭಕ್ತರ ಸಂಕಟ ಹೇಳತೀರದು. ಆ ದಿನ ಅಂಧಂತಮಸ್ಸನ್ನು ನೆನೆದವರೂ ಇದ್ದಿರಬಹುದು. ಪೊಲೀಸರು ಕೆಲವೇ ದಿನಗಳಲ್ಲಿ ಆರೋಪಿಗಳನ್ನು ಹಿಡಿದರು. ಅದಕ್ಕೂ ಮೊದಲೇ, ಬೇರೆ ಬೇರೆ ಮಠಗಳವರೂ ಭಕ್ತರೂ ಹೊಳೆ ದಾಟಿ ಬಂದು, ಚೆದುರಿದ ಕಲ್ಲುಗಳನ್ನು ಕೂಡಿಸಿ, ಬೃಂದಾವನವನ್ನು ಮೊದಲಿದ್ದ ಸ್ಥಳದಲ್ಲಿಯೇ ಎತ್ತಿ ನಿಲ್ಲಿಸಿದ್ದರು.