ಇಟ್ಟಿಗೆಯ ಗೂಡಿನಿಂದ ಗಗನದವರೆಗೆ

ಮಾರ್ಗಶಿರ ಮಾಸದ ಚಂಪಾಷಷ್ಠಿಗೆ ಕೆಲವು ದಿನ ಮುಂಚಿತವಾಗಿ ಸುಬ್ರಹ್ಮಣ್ಯಕ್ಕೆ ಬಂದವರು ರಥಬೀದಿಯಲ್ಲಿ ನಡೆಯುವ ಒಂದು ಕೆಲಸವನ್ನು ಕಂಡಿರಬಹುದು. ಮಲೆಕುಡಿಯರು ಕಾಡಿನಿಂದ ಬೆತ್ತವನ್ನೂ ಬಿದಿರನ್ನೂ ತಂದು ಬ್ರಹ್ಮರಥವನ್ನು ಕಟ್ಟುತ್ತಿರುತ್ತಾರೆ. ಆ ಕಟ್ಟಿಗೆ ಹಗ್ಗವಿಲ್ಲ. ಬಿಗಿಯುವುದಕ್ಕೂ ಬೆತ್ತವೇ, ಷಷ್ಠಿಯ ದಿನ ರಥವನ್ನು ಎಳೆಯುವುದಕ್ಕೂ ಬೆತ್ತವೇ. ಅಷ್ಟು ಜನ ಸೇರಿ ಎಳೆಯುವಾಗ ರಥವು ತೊನೆದಾಡಿದರೂ ಬೀಳಬಾರದು. ಭಾರವು ಒಂದೇ ಕಡೆಗೆ ವಾಲಬಾರದು. ಇದಕ್ಕೆ ನಕ್ಷೆಯಿಲ್ಲ, ಪುಸ್ತಕವಿಲ್ಲ. ಲೆಕ್ಕವೆಲ್ಲವೂ ಕೈಯಲ್ಲಿದೆ. ನನ್ನ ಅಜ್ಜನೂ ಆ ಕೆಲಸಕ್ಕೆ ಹೋಗುತ್ತಿದ್ದವರು. ಎಲ್ಲಿ ಎಷ್ಟು ಬಿಗಿಯಬೇಕೆಂದು ಹೇಗೆ ತಿಳಿಯುತ್ತದೆಂದು ನಾನೊಮ್ಮೆ ಕೇಳಿದ್ದಕ್ಕೆ, "ಬೆತ್ತ ಹಿಡಿದರೆ ಗೊತ್ತಾಗುತ್ತದೆ ಮಗಾ" ಎಂದಿದ್ದರು.

ಅದೇ ಸುಬ್ರಹ್ಮಣ್ಯದ ರೈಲು ನಿಲ್ದಾಣವು ನೆಟ್ಟಣದಲ್ಲಿದೆ. ಅಲ್ಲಿಂದ ಸಕಲೇಶಪುರಕ್ಕೆ ಘಟ್ಟವನ್ನು ಏರುವ ರೈಲುಮಾರ್ಗದಲ್ಲಿ 57 ಸುರಂಗಗಳೂ ನೂರಕ್ಕೆ ಮೇಲ್ಪಟ್ಟು ಸೇತುವೆಗಳೂ ಇವೆ. ಅದನ್ನು ಯೋಜಿಸಿದವರನ್ನು ನಾವು ಇಂಜಿನಿಯರುಗಳೆಂದು ಕರೆಯುತ್ತೇವೆ. ರಥ ಕಟ್ಟಿದವರನ್ನು ಹಾಗೆ ಕರೆಯುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಬೆಟ್ಟದ ಎರಡು ಬದಿಯಿಂದ ಕೊರೆದ ಸುರಂಗವು ನಡುವೆ ಸರಿಯಾಗಿ ಕೂಡಬೇಕಾದರೆ ಬರೆದ ಗಣಿತವೇ ಬೇಕು. ಆದರೆ ಕೈಯ ಲೆಕ್ಕ ಬಲ್ಲವನ ಮಕ್ಕಳು ಬರೆದ ಲೆಕ್ಕದ ಕಡೆಗೆ ಏಕೆ ಹೋಗಲಿಲ್ಲ, ಹೋಗಬೇಕಾದರೆ ಏನು ಬೇಕಾಗಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ನನಗೆ ಉತ್ತರ ದೊರೆತದ್ದು ಬಹಳ ದೂರದ ಒಂದು ದೇಶದ ಚರಿತ್ರೆಯಲ್ಲಿ.

ಬಿ.ಎ. ತರಗತಿಯ ಇತಿಹಾಸದಲ್ಲಿ ಅಮೆರಿಕಾ ದೇಶದ ಗುಲಾಮಗಿರಿಯು 1865ರಲ್ಲಿ ರದ್ದಾಯಿತೆಂದು ಓದುತ್ತೇವೆ. ಬಿಡುಗಡೆಯಾದ ಆ ನಲವತ್ತು ಲಕ್ಷ ಕಪ್ಪುಜನರು ಮರುದಿನ ಏನು ಮಾಡಿದರೆಂಬುದನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಅವರಲ್ಲಿ ಬಡಗಿಗಳಿದ್ದರು, ಕಮ್ಮಾರರಿದ್ದರು, ಇಟ್ಟಿಗೆ ಸುಡುವವರಿದ್ದರು. ದಕ್ಷಿಣದ ಎಷ್ಟೋ ಕಟ್ಟಡಗಳು ಎದ್ದದ್ದು ಅವರ ಕೈಯಿಂದ. ಆದರೆ ಗುಲಾಮರಿಗೆ ಅಕ್ಷರ ಕಲಿಸುವುದು ಅಲ್ಲಿಯ ಹಲವು ರಾಜ್ಯಗಳಲ್ಲಿ ಕಾನೂನಿನ ಪ್ರಕಾರವೇ ಅಪರಾಧವಾಗಿತ್ತು. ಕಸುಬು ಇತ್ತು, ಅಕ್ಷರವಿರಲಿಲ್ಲ. ಬಿಡುಗಡೆಯ ತರುವಾಯವೂ ಬಿಳಿಯರ ಕಾಲೇಜುಗಳ ಬಾಗಿಲು ಬಹುತೇಕ ಮುಚ್ಚಿಯೇ ಇತ್ತು. ಆದುದರಿಂದ ಅವರಿಗಾಗಿ ಬೇರೆ ಶಾಲೆಗಳು ಹುಟ್ಟಿದವು: 1866ರಲ್ಲಿ ಫಿಸ್ಕ್, 1867ರಲ್ಲಿ ಹೋವರ್ಡ್, 1868ರಲ್ಲಿ ಹ್ಯಾಂಪ್ಟನ್. 1890ರಲ್ಲಿ ಕೇಂದ್ರ ಸರಕಾರವು ಒಂದು ಕಾಯಿದೆಯನ್ನು ಮಾಡಿ, ಕೃಷಿ ಮತ್ತು ಯಂತ್ರಕಲೆಯ ಸರಕಾರಿ ಕಾಲೇಜಿನಲ್ಲಿ ಕಪ್ಪುಜನರನ್ನು ಸೇರಿಸದ ರಾಜ್ಯವು ಅವರಿಗಾಗಿ ಬೇರೆ ಕಾಲೇಜನ್ನು ನಡೆಸಬೇಕೆಂದು ವಿಧಿಸಿತು. ಯಂತ್ರವಿದ್ಯೆಯು ಅವರ ಕಾಲೇಜುಗಳಿಗೆ ಬಂದ ಮುಖ್ಯ ದಾರಿ ಇದು. ಇಂಥ ಸಂಸ್ಥೆಗಳು ಈಗಲೂ ಸುಮಾರು ನೂರು ಇವೆ.

ಇವುಗಳಲ್ಲಿ ಟಸ್ಕೀಗೀ ಎಂಬ ಊರಿನ ಶಾಲೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದನ್ನು 1881ರಲ್ಲಿ ಆರಂಭಿಸಿದ ಬೂಕರ್ ವಾಷಿಂಗ್ಟನ್ ಗುಲಾಮರ ಮನೆಯಲ್ಲಿಯೇ ಹುಟ್ಟಿ, ಹ್ಯಾಂಪ್ಟನ್‌ನಲ್ಲಿ ಓದಿದವರು. ಶಾಲೆಗೆ ಕಟ್ಟಡ ಬೇಕಾಯಿತು, ಹಣವಿರಲಿಲ್ಲ. ವಿದ್ಯಾರ್ಥಿಗಳೇ ಇಟ್ಟಿಗೆ ಮಾಡಲಿ ಎಂದರು. ಮೊದಲನೆಯ ಗೂಡು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದೂ ಕೆಟ್ಟಿತು. ಕೈಯಲ್ಲಿ ಕಾಸಿಲ್ಲದೆ ವಾಷಿಂಗ್ಟನ್ ತಮ್ಮ ಗಡಿಯಾರವನ್ನು ಹದಿನೈದು ಡಾಲರಿಗೆ ಅಡವಿಟ್ಟರು. ನಾಲ್ಕನೆಯ ಗೂಡಿನಲ್ಲಿ ಇಟ್ಟಿಗೆ ಬೆಂದಿತು. ಗಡಿಯಾರವನ್ನು ಬಿಡಿಸಿಕೊಳ್ಳಲು ಅವರಿಗೆ ಆಗಲೇ ಇಲ್ಲ. ಕಾಲಕ್ರಮದಲ್ಲಿ ಆ ಇಟ್ಟಿಗೆಯನ್ನು ಸುತ್ತಲಿನ ಬಿಳಿಯರೂ ಕೊಳ್ಳಲು ಬಂದರು. ಮುಂದೆ ಅಲ್ಲಿಯ ಕಟ್ಟಡಗಳ ನಕ್ಷೆ ಬರೆದವರು ರಾಬರ್ಟ್ ಟೇಲರ್. 1892ರಲ್ಲಿ ಎಂ.ಐ.ಟಿ. ಎಂಬ ಪ್ರಸಿದ್ಧ ತಾಂತ್ರಿಕ ಸಂಸ್ಥೆಯಿಂದ ಪದವಿ ಪಡೆದ ಮೊದಲ ಕಪ್ಪು ಮನುಷ್ಯ ಅವರು. ನಕ್ಷೆಯೂ ತಮ್ಮವನದು, ಇಟ್ಟಿಗೆಯೂ ತಮ್ಮದು. ಆ ಗೋಡೆಯ ನೆರಳಿನಲ್ಲಿ ಕುಳಿತು ಓದಿದ ಹುಡುಗನ ಮನಸ್ಸಿನಲ್ಲಿ ಎಂಥ ಧೈರ್ಯ ಹುಟ್ಟಿರಬೇಕು!

ಆದರೆ ಆಗಲೇ ಒಂದು ದೊಡ್ಡ ವಾದವೂ ಎದ್ದಿತು. ಮೊದಲು ಕಸುಬು ಕಲಿಯೋಣ, ಸಂಪಾದಿಸೋಣ, ಉಳಿದದ್ದು ತಾನಾಗಿ ಬರುತ್ತದೆ ಎಂಬುದು ವಾಷಿಂಗ್ಟನ್ ಅವರ ಮತ. ಫಿಸ್ಕ್‌ನಲ್ಲಿ ಓದಿದ ಡುಬೋಯಿಸ್ ಇದನ್ನು ಒಪ್ಪದೆ 1903ರಲ್ಲಿ ಕಟುವಾಗಿ ಬರೆದರು. ಕಸುಬಿನಲ್ಲಿಯೇ ನಿಲ್ಲಿಸಿದರೆ ನಮ್ಮ ಮಕ್ಕಳು ಎಂದೆಂದಿಗೂ ಮತ್ತೊಬ್ಬನ ನಕ್ಷೆಗೆ ಕೆಲಸಮಾಡುವವರಾಗಿಯೇ ಉಳಿಯುತ್ತಾರೆ, ಉನ್ನತ ವಿದ್ಯೆಯೂ ಮತದಾನದ ಹಕ್ಕೂ ಈಗಲೇ ಬೇಕು ಎಂಬುದು ಅವರ ವಾದದ ಸಾರ. ಯಾರು ಸರಿ? ಇಬ್ಬರ ಮಾತಿನಲ್ಲಿಯೂ ಅರ್ಧ ಅರ್ಧ ಸತ್ಯವಿತ್ತೆಂದು ಮುಂದಿನ ಚರಿತ್ರೆಯು ತೋರಿಸುತ್ತದೆ. ಇಟ್ಟಿಗೆಯ ಶಾಲೆಯೇ ಮುಂದೆ ಇಂಜಿನಿಯರಿಂಗ್ ಪದವಿ ಕೊಡುವ ವಿಶ್ವವಿದ್ಯಾನಿಲಯವಾಯಿತು. ಕಸುಬು ಬುನಾದಿಯಾಯಿತು, ಆದರೆ ಅಲ್ಲಿಯೇ ನಿಂತಿದ್ದರೆ ಮುಂದೆ ಹೇಳುವವರು ಯಾರೂ ಹುಟ್ಟುತ್ತಿರಲಿಲ್ಲ.

ಕ್ಯಾಥರೀನ್ ಜಾನ್ಸನ್ 1918ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ಹುಟ್ಟಿದರು. ಅವರ ಸೀಮೆಯಲ್ಲಿ ಕಪ್ಪು ಮಕ್ಕಳಿಗೆ ಎಂಟನೆಯ ತರಗತಿಯಿಂದ ಮುಂದೆ ಶಾಲೆಯೇ ಇರಲಿಲ್ಲ. ತಂದೆ ಮಕ್ಕಳನ್ನು ನೂರಕ್ಕೂ ಹೆಚ್ಚು ಮೈಲು ದೂರದ ಊರಿನಲ್ಲಿ ಇರಿಸಿ ಓದಿಸಿದರು. ಅಲ್ಲಿಯ ಕಪ್ಪುಜನರ ಕಾಲೇಜಿನಲ್ಲಿ ಕ್ಲೇಟರ್ ಎಂಬ ಗಣಿತದ ಅಧ್ಯಾಪಕರಿದ್ದರು. ಈ ಹುಡುಗಿಯು ಇದ್ದ ಪಾಠಗಳನ್ನೆಲ್ಲ ಮುಗಿಸಿದಾಗ ಅವರು ಜ್ಯಾಮಿತಿಯ ಒಂದು ಹೊಸ ಪಾಠಕ್ರಮವನ್ನು ಅವಳೊಬ್ಬಳಿಗಾಗಿಯೇ ರಚಿಸಿದರು. ಒಬ್ಬ ಅಧ್ಯಾಪಕ, ಒಬ್ಬ ವಿದ್ಯಾರ್ಥಿನಿ, ಒಂದು ತರಗತಿ! 1937ರಲ್ಲಿ ಅವಳು ಪದವೀಧರೆಯಾದಾಗ ವಯಸ್ಸು ಹದಿನೆಂಟು. 1962ರಲ್ಲಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತುವ ಮುನ್ನ, ಗಣಕಯಂತ್ರವು ಹೇಳಿದ ಅಂಕಿಗಳನ್ನು ಈಕೆಯು ಕೈಯಿಂದ ಮತ್ತೊಮ್ಮೆ ಲೆಕ್ಕಹಾಕಿ ಸರಿಯೆನ್ನಬೇಕೆಂದು ಕೇಳಿಕೊಂಡನು.

ಅವರೊಬ್ಬರೇ ಅಲ್ಲ. ವಿಲ್ಬರ್‌ಫೋರ್ಸ್ ವಿಶ್ವವಿದ್ಯಾನಿಲಯದ ಡೊರೋತಿ ವಾನ್ ಅದೇ ಸಂಸ್ಥೆಯಲ್ಲಿ ಲೆಕ್ಕದ ಮಹಿಳೆಯರ ತಂಡದ ಮುಖ್ಯಸ್ಥೆಯಾದರು. ಗಣಕಯಂತ್ರ ಬಂದಾಗ ತಮ್ಮ ಕೆಲಸ ಹೋಗುವುದೆಂದು ಅಳುತ್ತ ಕೂರದೆ, ಅದರ ಭಾಷೆಯನ್ನು ತಾವೂ ಕಲಿತು ಇತರರಿಗೂ ಕಲಿಸಿದರು. ಹ್ಯಾಂಪ್ಟನ್‌ನಲ್ಲಿ 1942ರಲ್ಲಿ ಪದವಿ ಪಡೆದ ಮೇರಿ ಜಾಕ್ಸನ್ ಇಂಜಿನಿಯರಾಗಲು ಬೇಕಾದ ಸಂಜೆಯ ಪಾಠಗಳು ಬಿಳಿಯರ ಶಾಲೆಯಲ್ಲಿ ನಡೆಯುತ್ತಿದ್ದವು. ಅಲ್ಲಿ ಕುಳಿತುಕೊಳ್ಳಲು ಊರಿನ ಆಡಳಿತದ ಅಪ್ಪಣೆ ಬೇಡಬೇಕಾಯಿತು. ಬೇಡಿದರು, ಓದಿದರು, 1958ರಲ್ಲಿ ಇಂಜಿನಿಯರಾದರು. ವರ್ಜೀನಿಯಾದ ಇಂಥದೇ ಒಂದು ಸರಕಾರಿ ಕಾಲೇಜಿನಲ್ಲಿ 1952ರಲ್ಲಿ ಪದವಿ ಪಡೆದ ಗ್ಲ್ಯಾಡಿಸ್ ವೆಸ್ಟ್ ಸಣ್ಣ ರೈತರ ಮಗಳು. ಭೂಮಿಯ ನಿಖರವಾದ ಆಕಾರವನ್ನು ಉಪಗ್ರಹಗಳ ಅಂಕಿಗಳಿಂದ ಲೆಕ್ಕಹಾಕುವ ಕೆಲಸದಲ್ಲಿ ಅವರು ದಶಕಗಳನ್ನು ಕಳೆದರು. ಇಂದು ಸುಬ್ರಹ್ಮಣ್ಯಕ್ಕೆ ಬರುವ ಯಾತ್ರಿಕರು ಫೋನಿನಲ್ಲಿ ದಾರಿ ನೋಡಿಕೊಂಡು ಬರುತ್ತಾರಷ್ಟೆ; ಆ ದಾರಿ ಸರಿಯಾಗಿ ಕಾಣುವುದರಲ್ಲಿ ಆಕೆಯ ಲೆಕ್ಕದ ಪಾಲೂ ಇದೆ. ಟಸ್ಕೀಗೀಯಲ್ಲಿ 1973ರಲ್ಲಿ ಯಂತ್ರಶಾಸ್ತ್ರದ ಪದವಿ ಪಡೆದ ಲಾನಿ ಜಾನ್ಸನ್ ಗುರುಗ್ರಹಕ್ಕೆ ಹೋದ ನೌಕೆಯ ಕೆಲಸದಲ್ಲಿ ಸೇರಿದ್ದರು. ಮಕ್ಕಳು ಆಡುವ ದೊಡ್ಡ ನೀರಿನ ಪಿಸ್ತೂಲನ್ನು ಕಂಡುಹಿಡಿದವರೂ ಅವರೇ.

ರೊನಾಲ್ಡ್ ಮ್ಯಾಕ್ನೇರ್ ಒಂಬತ್ತು ವರ್ಷದ ಹುಡುಗನಾಗಿದ್ದಾಗ, 1959ರಲ್ಲಿ, ಊರಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡಲು ಒಪ್ಪಲಿಲ್ಲ. ಹುಡುಗ ಕದಲದೆ ಕುಳಿತಾಗ ಪೋಲೀಸರನ್ನೇ ಕರೆದರು. ಆತ ಉತ್ತರ ಕೆರೊಲಿನಾದ ಕಪ್ಪುಜನರ ಕೃಷಿ-ತಾಂತ್ರಿಕ ಕಾಲೇಜಿನಲ್ಲಿ 1971ರಲ್ಲಿ ಭೌತಶಾಸ್ತ್ರದ ಪದವಿಯನ್ನೂ, 1976ರಲ್ಲಿ ಎಂ.ಐ.ಟಿ.ಯಿಂದ ಡಾಕ್ಟರೇಟನ್ನೂ ಪಡೆದು, 1984ರಲ್ಲಿ ಗಗನಯಾತ್ರೆ ಮಾಡಿದನು. 1986ರ ಜನವರಿಯಲ್ಲಿ ಚಾಲೆಂಜರ್ ನೌಕೆ ಸಿಡಿದಾಗ ಮಡಿದ ಏಳು ಜನರಲ್ಲಿ ಅವನೂ ಒಬ್ಬ. ಅಂದು ಪುಸ್ತಕ ಕೊಡದ ಆ ಹಳೆಯ ಗ್ರಂಥಾಲಯದ ಕಟ್ಟಡವು ಈಗ ಅವನ ಹೆಸರಿನ ಸ್ಮಾರಕವಾಗಿದೆ.

ಹಾಗಾದರೆ ಆ ಕಾಲೇಜುಗಳ ಗುಟ್ಟೇನು? ಅಲ್ಲಿ ಹಣ ಹೆಚ್ಚಾಗಿರಲಿಲ್ಲ. ಬಿಳಿಯರ ಕಾಲೇಜುಗಳಿಗೆ ದೊರೆತಷ್ಟು ನೆರವು ಅವಕ್ಕೆ ದೊರೆಯಲೇ ಇಲ್ಲ. ಪ್ರತ್ಯೇಕವಾಗಿರುವುದರಲ್ಲಿಯೂ ಸೊಗಸಿರಲಿಲ್ಲ, ಅದು ಅವಮಾನದಿಂದ ಹುಟ್ಟಿದ ಪ್ರತ್ಯೇಕತೆ. ನನಗೆ ಕಾಣುವಂತೆ ಅಲ್ಲಿ ಎರಡು ಸಂಗತಿಗಳಿದ್ದವು. ಮೊದಲನೆಯದು, ಕಲಿಸುವವರು ಶಿಷ್ಯರ ದಾರಿಯಲ್ಲಿಯೇ ನಡೆದು ಬಂದವರಾಗಿದ್ದರು. ಕ್ಲೇಟರ್ ಸ್ವತಃ ಡಾಕ್ಟರೇಟ್ ಪಡೆದ ಗಣಿತಜ್ಞರಾದರೂ ಬಿಳಿಯರ ವಿಶ್ವವಿದ್ಯಾನಿಲಯಗಳಲ್ಲಿ ಅವರಿಗೆ ಸ್ಥಾನ ಸಿಗುವುದು ಕಷ್ಟವಾಗಿತ್ತು. ಆ ವಿದ್ಯೆಯು ಒಬ್ಬ ಹುಡುಗಿಯ ಪಾಲಿಗೆ ಬಂದಿತು. ಎರಡನೆಯದು, "ನೀನು ಇಲ್ಲಿಗೆ ಏಕೆ ಬಂದೆ?" ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಗಣಿತದ ತರಗತಿಯಲ್ಲಿ ತಪ್ಪಾದರೆ ತಪ್ಪಿದ್ದು ಲೆಕ್ಕ ಮಾತ್ರ. ಜಾತಿಗೆ ಜಾತಿಯೇ ದಡ್ಡರೆಂದು ಯಾರೂ ತೀರ್ಮಾನಿಸುತ್ತಿರಲಿಲ್ಲ. 1964ರ ಹಕ್ಕುಗಳ ಕಾಯಿದೆಯಾದ ಮೇಲೆ ಎಲ್ಲ ಬಾಗಿಲುಗಳೂ ತೆರೆದರೂ ಇಂದಿಗೂ ಎಷ್ಟೋ ವಿದ್ಯಾರ್ಥಿಗಳು ಆ ಕಾಲೇಜುಗಳನ್ನೇ ಬಯಸಿ ಸೇರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಇಂಥ ಪ್ರಯತ್ನವು ನಮ್ಮ ಜಿಲ್ಲೆಗೆ ಹೊಸದಲ್ಲ. ಕುದ್ಮುಲ್ ರಂಗರಾಯರು 1859ರಲ್ಲಿ ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲರಾಗಿದ್ದವರು. ಟಸ್ಕೀಗೀಯ ಶಾಲೆ ಹುಟ್ಟಿ ಹನ್ನೊಂದು ವರ್ಷಕ್ಕೆ, 1892ರಲ್ಲಿ, ಅವರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಅಲ್ಲಿ ಓದುಬರಹದ ಜೊತೆಗೆ ನೇಯ್ಗೆ, ಮರಗೆಲಸಗಳನ್ನು ಕಲಿಸುತ್ತಿದ್ದರು. ಸ್ವಜಾತಿಯವರು ಬಹಿಷ್ಕರಿಸಿದರೂ ಅವರು ಹಿಂಜರಿಯಲಿಲ್ಲ. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕೆಲಸವನ್ನು ಮೆಚ್ಚಿದರು. ಕಸುಬಿನಿಂದ ಆರಂಭಿಸಿದರೂ ರಂಗರಾಯರ ಆಸೆಯು ಕಸುಬಿನಲ್ಲಿ ಮುಗಿಯಲಿಲ್ಲ. ದಲಿತರ ಮಕ್ಕಳು ಓದಿ, ಸರಕಾರದ ಉದ್ಯೋಗ ಹಿಡಿದು, ನಮ್ಮ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು. ಆ ಕಾರಿನ ಧೂಳು ತಮ್ಮ ತಲೆಗೆ ತಾಗಿದರೆ ತಮ್ಮ ಜನ್ಮ ಸಾರ್ಥಕ ಎಂದವರು ಅವರು. ವಾಷಿಂಗ್ಟನ್ನರ ಇಟ್ಟಿಗೆಯೂ ಡುಬೋಯಿಸರ ಹಂಬಲವೂ ಆ ಒಂದು ಆಸೆಯಲ್ಲಿ ಕೂಡಿಕೊಂಡಿವೆ ಎಂದು ನನಗೆ ತೋರುತ್ತದೆ.

ಇಂದು ನಮ್ಮಲ್ಲಿ ಬಾಗಿಲುಗಳು ತೆರೆದಿವೆ. ಸಂವಿಧಾನದ ಮೀಸಲಾತಿ ಇದೆ, ಗಿರಿಜನರ ಮಕ್ಕಳಿಗೆ ಆಶ್ರಮಶಾಲೆಗಳಿವೆ. ಸುರತ್ಕಲ್‌ನಲ್ಲಿ 1960ರಿಂದಲೂ, ನಮ್ಮ ಸುಳ್ಯದಲ್ಲಿ 1986ರಿಂದಲೂ ಇಂಜಿನಿಯರಿಂಗ್ ಕಾಲೇಜು ಇದೆ. ಆದರೆ ತೆರೆದ ಬಾಗಿಲಿನ ಹತ್ತಿರ ಒಂದು ಮಾತು ನಿಂತಿರುತ್ತದೆ. ಹತ್ತನೆಯ ತರಗತಿ ಮುಗಿದಾಗ ನನಗೆ ಒಬ್ಬರು, "ನಿಮ್ಮವರಿಗೆ ಗಣಿತ ಹಿಡಿಯುವುದಿಲ್ಲ, ಆರ್ಟ್ಸ್ ತಗೋ, ಸುಲಭ" ಎಂದರು. ಅವರು ಕೆಟ್ಟವರಲ್ಲ, ಒಳ್ಳೆಯದಕ್ಕೆಂದೇ ಹೇಳಿದರು. ನಾನು ಕೇಳಿದೆ. ಇತಿಹಾಸ ಓದಿದ್ದಕ್ಕೆ ನನಗೆ ಸ್ವಲ್ಪವೂ ವಿಷಾದವಿಲ್ಲ. ಅದನ್ನು ಓದದಿದ್ದರೆ ಈ ಲೇಖನವನ್ನೇ ಬರೆಯುತ್ತಿರಲಿಲ್ಲ. ಆದರೆ ಆ ದಿನ ಆರಿಸಿದವನು ನಾನಲ್ಲ. ಇನ್ನು ಕೆಲವೇ ತಿಂಗಳಲ್ಲಿ ಈ ಕಾಲೇಜಿನಿಂದ ಹೊರಬೀಳುವ ನಮ್ಮಲ್ಲಿ ಹಲವರು ಶಿಕ್ಷಕರಾಗುವವರು. ನಮ್ಮ ಮುಂದೆ ಕುಳಿತ ಮಗುವಿಗೆ ನಾವು ಆ ಮಾತನ್ನು ಹೇಳದಿದ್ದರೆ ಅದೇ ದೊಡ್ಡ ಉಪಕಾರ. ಒಬ್ಬ ಹುಡುಗಿಗಾಗಿ ಒಂದು ಪಾಠವನ್ನು ಹೆಚ್ಚು ಮಾಡಿದರೆ ಇನ್ನೂ ದೊಡ್ಡದು.

ನನ್ನ ತಂಗಿಗೆ ಯಾರೂ ಆ ಮಾತು ಹೇಳಲಿಲ್ಲ; ಹೇಳಿದ್ದರೂ ಅವಳು ಕೇಳುವವಳಲ್ಲ. ಅವಳು ಈಗ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ. ಕಳೆದ ಷಷ್ಠಿಯ ರಜೆಯಲ್ಲಿ ಅಜ್ಜನನ್ನು ಜಗಲಿಯಲ್ಲಿ ಕೂರಿಸಿಕೊಂಡು, ಕೇಳಿ ಕೇಳಿ, ರಥದ ಕಟ್ಟುಗಳನ್ನೆಲ್ಲ ಅಳತೆಯೊಡನೆ ಕಾಗದದ ಮೇಲೆ ಬರೆದಳು. ಓದು ಬಾರದ ಅಜ್ಜ ಆ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಕಡೆ ಬೆರಳಿಟ್ಟು, "ಇಲ್ಲಿ ಒಂದು ಕಟ್ಟು ಬಿಟ್ಟುಹೋಗಿದೆ" ಎಂದರು. ತಂಗಿ ಎಣಿಸಿ ನೋಡಿದಳು. ಬಿಟ್ಟುಹೋಗಿತ್ತು.