ಕೊಳೆ ಯಾವುದು, ಜೀವಕಳೆ ಯಾವುದು?
ಮನೆಯ ಹಳೆಯ ಧ್ವನಿಸುರುಳಿಗಳ ಶುದ್ಧೀಕರಣ ಕುರಿತು

ಶರಣರು ತಮ್ಮ ಅನುಭಾವವನ್ನು ನುಡಿಯಾಗಿ ಕೊಟ್ಟರು. ನಮ್ಮ ಹಳ್ಳಿಗಳ ಭಕ್ತರು ಆ ನುಡಿಯನ್ನು ಹಾಡಾಗಿ ಉಳಿಸಿಕೊಂಡರು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯ ಮಠ-ಮನೆಗಳಲ್ಲಿ ಶ್ರಾವಣದ ಪುರಾಣ, ಸೋಮವಾರದ ಭಜನೆ, ಶಿವರಾತ್ರಿಯ ಜಾಗರಣೆಗಳು ತಲೆಮಾರುಗಳಿಂದ ನಡೆದುಬಂದಿವೆ. 1980ರ ದಶಕದಲ್ಲಿ ಟೇಪ್ ರಿಕಾರ್ಡರ್ ಹಳ್ಳಿಯನ್ನು ಹೊಕ್ಕಾಗ ಅನೇಕರು ಆ ಹಾಡುಗಳನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟರು. ಅಂದು ಹಾಡಿದವರಲ್ಲಿ ಬಹುಮಂದಿ ಈಗ ಲಿಂಗೈಕ್ಯರು. ಕ್ಯಾಸೆಟ್ಟುಗಳು ಮಾತ್ರ ಟ್ರಂಕಿನ ತಳದಲ್ಲಿ ಧೂಳು ಹಿಡಿದು ಕುಳಿತಿವೆ.

ಕಳೆದ ಶ್ರಾವಣದಲ್ಲಿ ನವಲಗುಂದ ತಾಲೂಕಿನ ಹಳ್ಳಿಯೊಂದಕ್ಕೆ ನಾವು ಪ್ರವಚನಕ್ಕೆ ಹೋದಾಗ ಸದ್ಭಕ್ತರೊಬ್ಬರು ತಮ್ಮ ತಂದೆಯವರ ವಚನಗಾಯನವನ್ನು ಕೇಳಿಸಿದರು. 1986ರ ಸುಮಾರಿಗೆ ಮನೆಯ ಪಡಸಾಲೆಯಲ್ಲಿ ಮುದ್ರಿಸಿದುದು. ಗದ್ದಲ ಬಹಳವೆಂದು ಅವರ ಮಗನು ಅದನ್ನು ಪಟ್ಟಣದ ಅಂಗಡಿಯೊಂದರಲ್ಲಿ ಶುದ್ಧಗೊಳಿಸಿ ತಂದಿದ್ದನು. ಸುಯ್ಯೆನ್ನುವ ಸದ್ದು ಹೋಗಿತ್ತು, ಗುಂಯ್‌ಗುಡುವ ಸದ್ದೂ ಹೋಗಿತ್ತು. ಆದರೆ ಏಕತಾರಿಯೂ ಹೋಗಿತ್ತು! ಪೇಟಿಯು ಹಿಡಿದ ಷಡ್ಜ ನಡುನಡುವೆ ಮಾಯವಾಗುತ್ತಿತ್ತು. ಅಂಕಿತದ ಕೊನೆಯಕ್ಷರಗಳು ಮೆಲ್ಲಗೆ ಇಳಿಯುವಲ್ಲಿಯೇ ತುಂಡಾಗಿದ್ದವು. ಆ ಭಕ್ತರು ನಮ್ಮತ್ತ ನೋಡಿ, “ಗುರುಗಳ, ದನಿ ಸ್ವಚ್ಛ ಆಗೇತ್ರಿ, ಆದ್ರ ಅಪ್ಪ ಇಲ್ಲದಂಗ ಆಗೇತ್ರಿ” ಎಂದರು. ಆ ಮಾತೇ ಈ ಲೇಖನಕ್ಕೆ ಕಾರಣ.

ಮನೆಯ ಮುದ್ರಣಕ್ಕೆ ಇಷ್ಟು ಬೆಲೆ ಏಕೆಂದು ಕೆಲವರು ಕೇಳಬಹುದು. ಕುಂದಗೋಳದ ಸವಾಯಿ ಗಂಧರ್ವರನ್ನು (1886–1952) ನೆನೆಯೋಣ. ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಹರಿದ ಅವರ ಗಾಯನದಿಂದ ನಮಗೆ ದಕ್ಕಿದುದು ಮುಖ್ಯವಾಗಿ ಹಳೆಯ ಗ್ರಾಮಫೋನ್ ತಟ್ಟೆಗಳು. ಅಂಥ ತಟ್ಟೆಯ ಒಂದು ಬದಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಹಾಡಷ್ಟೇ ಹಿಡಿಯುತ್ತಿತ್ತು. ರಾಗವು ಸಾವಕಾಶವಾಗಿ ಅರಳುವುದಕ್ಕೆ ಅಲ್ಲಿ ಎಡೆಯೆಲ್ಲಿ? ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು ಹೊರಬಂದುದೇ 1963ರಲ್ಲಿ. ಕುಂದಗೋಳ ಸೀಮೆಯ ಯಲಿವಾಳದಲ್ಲಿ ಜನಿಸಿ 1991ರಲ್ಲಿ ಅಗಲಿದ ಪಂಡಿತ ಬಸವರಾಜ ರಾಜಗುರುಗಳ ಕಾಲಕ್ಕೆ ಅದು ಮನೆಮನೆಗೆ ಬಂದಿತ್ತು. ಅವರ ದೀರ್ಘ ಗಾಯನವನ್ನು ರಸಿಕರು ಇಂದಿಗೂ ಖಾಸಗಿ ಸುರುಳಿಗಳಿಂದ ಕೇಳುತ್ತಾರೆ. ಇನ್ನು ಹೆಸರಿಲ್ಲದ ಹಳ್ಳಿಯ ಹಾಡುಗಾರರ ಧಾಟಿಗಳಿಗಂತೂ ಮನೆಯ ಸುರುಳಿಯೊಂದೇ ಆಧಾರ.

ಇದನ್ನು ಶುದ್ಧಗೊಳಿಸುವ ಕ್ರಮವನ್ನು ನಾವು ಓಲೆಗರಿಯಿಂದ ಕಲಿಯಬೇಕು. ಮಠದಲ್ಲಿ ನಮಗೆ ಹಿರಿಯರು ಕಲಿಸಿದುದು ಹೀಗೆ: ಗರಿಯ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು, ನಿಂಬೆಹುಲ್ಲಿನ ಎಣ್ಣೆ ಸವರಬೇಕು, ಅಕ್ಷರ ಮಸುಕಾಗಿದ್ದರೆ ದೀಪದ ಮಸಿ ತುಂಬಬೇಕು. ಎಂದಿಗೂ ತಿಕ್ಕಬಾರದು. ಓದಲಾಗದ ಅಕ್ಷರವನ್ನು ಊಹಿಸಿ ಕೊರೆಯಲೂ ಬಾರದು. ಫ. ಗು. ಹಳಕಟ್ಟಿಯವರು (1880–1964) ಮನೆಮನೆ ತಿರುಗಿ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಮೂಲದ ಕಟ್ಟುಗಳು ಉಳಿದುದರಿಂದಲೇ ಮುಂದಿನ ವಿದ್ವಾಂಸರು ಪಾಠಾಂತರಗಳನ್ನು ಹೋಲಿಸಿ ನೋಡುವುದು ಸಾಧ್ಯವಾಯಿತು. ಮೂಲವನ್ನು ಮುಟ್ಟದಿರು, ತಿದ್ದಿದುದನ್ನು ಬೇರೆಯಾಗಿಡು: ಗ್ರಂಥಸಂಪಾದನೆಯ ಈ ನಿಯಮವೇ ಧ್ವನಿಗೂ ಸಲ್ಲುತ್ತದೆ.

ಮೊದಲ ಶುದ್ಧಿ ಯಂತ್ರದ್ದು. ಕೇಳುವ ಗದ್ದಲದಲ್ಲಿ ಒಂದು ಪಾಲು ಸುರುಳಿಯದಲ್ಲ, ಅದನ್ನು ನುಡಿಸುವ ಟೇಪ್ ರಿಕಾರ್ಡರಿನದು. ಅದರ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಕ್ಯಾಸೆಟ್ಟಿನೊಳಗೆ ಪಟ್ಟಿಯನ್ನು ಹೆಡ್ಡಿಗೆ ಒತ್ತಿಹಿಡಿಯುವ ಚಿಕ್ಕ ಬಟ್ಟೆಯ ತುಣುಕು ಉದುರಿದ್ದರೆ ದನಿ ಏರಿಳಿಯುತ್ತದೆ. ಬಲ್ಲವರಿಂದ ಹೊಸದನ್ನು ಕೂಡಿಸಬೇಕು. ಹೆಡ್ಡಿನ ಓರೆಯನ್ನು ಸರಿಪಡಿಸುವ ಸಣ್ಣ ತಿರುಪನ್ನು ‘ಸ’ಕಾರ, ‘ಶ’ಕಾರಗಳು ತಿಳಿಯಾಗಿ ಕೇಳುವವರೆಗೆ ಅಷ್ಟಷ್ಟೇ ತಿರುಗಿಸಬೇಕು. ಇಷ್ಟರಿಂದಲೇ ಮಂಕುದನಿ ಎಷ್ಟೋ ತೆರೆದುಕೊಳ್ಳುತ್ತದೆ. ಕಲಘಟಗಿಯಂಥ ಮಳೆಸೀಮೆಯ ಸುರುಳಿಗಳಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಅವನ್ನು ನುಡಿಸಲೇಬಾರದು. ಬೂಷ್ಟು ಯಂತ್ರಕ್ಕೂ ಬೇರೆ ಸುರುಳಿಗಳಿಗೂ ಹರಡೀತು. ಅದು ನುರಿತವರ ಕೆಲಸ.

ಎರಡನೆಯದು ಪ್ರತಿ ಮಾಡುವುದು. ಟೇಪ್ ರಿಕಾರ್ಡರಿನಿಂದ ಗಣಕಯಂತ್ರಕ್ಕೆ ತಂತಿಯ ಮೂಲಕವೇ ದನಿಯನ್ನು ಇಳಿಸಬೇಕು. ಮುಂದೆ ಮೊಬೈಲ್ ಹಿಡಿದು ಮುದ್ರಿಸಿದರೆ ಕೋಣೆಯ ಸದ್ದೂ ಸೇರುತ್ತದೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಕನಿಷ್ಠ 48 ಕಿಲೊಹರ್ಟ್ಜ್, 24 ಬಿಟ್ ಪ್ರಮಾಣವನ್ನು ಹೇಳಿದೆ. ಎಂಪಿ3 ಅಲ್ಲ, ವೇವ್ ಕಡತವಾಗಿಡಬೇಕು. ತಾಸಿಗೆ ಸುಮಾರು 1 ಜಿಬಿ ಸ್ಥಳ ಹಿಡಿಯುತ್ತದೆ. ಏನನ್ನೂ ತೆಗೆಯದ ಈ ಪ್ರತಿಯೇ ನಮ್ಮ ಓಲೆಗರಿ. ಇದನ್ನು ಎರಡು ಕಡೆ ಇಟ್ಟು, ಬೇರೊಂದು ಪ್ರತಿಯ ಮೇಲೆ ಕೆಲಸ ಮಾಡಬೇಕು.

ಮೂರನೆಯದು ಗದ್ದಲವನ್ನು ತಗ್ಗಿಸುವುದು, ಎಡವುವುದು ಇಲ್ಲಿಯೇ. ಅಡಾಸಿಟಿಯಂಥ ಉಚಿತ ತಂತ್ರಾಂಶಗಳಿಗೆ ಮೊದಲು ಗದ್ದಲದ ಒಂದು ಮಾದರಿಯನ್ನು ಕೊಡಬೇಕು; ಅದನ್ನು ಹೋಲುವುದನ್ನೆಲ್ಲ ಅವು ತಗ್ಗಿಸುತ್ತವೆ. ಎಡೆಬಿಡದೆ ಒಂದೇ ಸಮನೆ ಕೇಳುವ ಸದ್ದು ಅವುಗಳ ಲೆಕ್ಕದಲ್ಲಿ ಗದ್ದಲ. ನಮ್ಮ ಸಂಗೀತದಲ್ಲಿ ಎಡೆಬಿಡದೆ ಕೇಳುವುದು ಶ್ರುತಿ! ಹಾಡಿನ ನಡುವಿನ ಮೌನದಿಂದ ಮಾದರಿ ತೆಗೆದರೆ ಅಲ್ಲಿ ಏಕತಾರಿ ಮಿಡಿಯುತ್ತಿರುತ್ತದೆ, ಪೇಟಿ ಉಸಿರಾಡುತ್ತಿರುತ್ತದೆ. ಯಂತ್ರವು ಅದನ್ನೂ ಕೊಳೆಯೆಂದು ಗುಡಿಸುತ್ತದೆ. ಆದ್ದರಿಂದ ಶ್ರುತಿ ಹಿಡಿಯುವ ಮುನ್ನಿನ ಒಂದೆರಡು ಸೆಕೆಂಡುಗಳನ್ನೇ ಮಾದರಿಯಾಗಿ ಆರಿಸಬೇಕು.

ವಿದ್ಯುತ್ತಿನ ಗುಂಯ್‌ಕಾರವು ನಮ್ಮ ದೇಶದಲ್ಲಿ 50 ಹರ್ಟ್ಜಿನದು. 100, 150ರಲ್ಲಿಯೂ ಅದರ ಮರಿಗಳಿರುತ್ತವೆ. ಪುರುಷಕಂಠದ ಷಡ್ಜ ಅನೇಕ ವೇಳೆ 130ರಿಂದ 150ರ ಆಸುಪಾಸಿನಲ್ಲಿ ನಿಲ್ಲುತ್ತದೆ. 150ರಲ್ಲಿ ಅಗಲವಾಗಿ ಕತ್ತರಿಸಿದರೆ ಗಾಯಕನ ಷಡ್ಜಕ್ಕೇ ಪೆಟ್ಟು. ಕತ್ತರಿ ಸೂಜಿಯಷ್ಟು ಕಿರಿದಾಗಿರಲಿ. ಸುಯ್‌ಕಾರವನ್ನು ಮೊದಲು 6 ಡೆಸಿಬೆಲ್ಲಿನಷ್ಟೇ ತಗ್ಗಿಸಿ ಕೇಳಬೇಕು. ಒಂದು ಉತ್ತಮ ಪರೀಕ್ಷೆಯುಂಟು: ಅದೇ ತಂತ್ರಾಂಶದಲ್ಲಿ, ಗದ್ದಲವೆಂದು ತೆಗೆಯುತ್ತಿರುವುದನ್ನಷ್ಟೇ ಬೇರೆಯಾಗಿ ಕೇಳಿಸುವ ‘ರೆಸಿಡ್ಯೂ’ ಎಂಬ ಆಯ್ಕೆಯಿದೆ. ಆ ಕಸದಲ್ಲಿ ಹಾಡಿನ ಎಳೆ ಕೇಳಿಸಿತೆಂದರೆ ನಾವು ಮಿತಿ ಮೀರಿದ್ದೇವೆಂದು ತಿಳಿದು ಹಿಂದೆ ಸರಿಯಬೇಕು.

ನವಲಗುಂದ ಸೀಮೆಯ ಆ ಮನೆಯಲ್ಲಿ ಶಿವನ ದಯೆಯಿಂದ ಮೂಲ ಕ್ಯಾಸೆಟ್ಟನ್ನು ಎಸೆದಿರಲಿಲ್ಲ. ಬಲ್ಲವರೊಬ್ಬರ ನೆರವಿನಿಂದ ಅದನ್ನು ಮೇಲಿನ ಕ್ರಮದಲ್ಲಿ ಹೊಸದಾಗಿ ಇಳಿಸಲಾಯಿತು. ಸುಯ್‌ಕಾರ ಪೂರ್ತಿ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಏಕತಾರಿ ಮರಳಿತು, ಅಂಕಿತದ ಕೊನೆಯಕ್ಷರ ಷಡ್ಜದಲ್ಲಿ ಕರಗುವುದು ಕೇಳಿಸಿತು. ಹಾಡು ಮುಗಿದ ಮೇಲೆ ಅಡುಗೆಮನೆಯಿಂದ ಹೆಣ್ಣುಮಗಳೊಬ್ಬಳು “ಪ್ರಸಾದಕ್ಕ ಏಳ್ರಿ” ಎಂದು ಕರೆದ ದನಿಯೂ ಅದರಲ್ಲಿತ್ತು. ಅಂಗಡಿಯವರು ಅದನ್ನು ಬೇಡವೆಂದು ಕತ್ತರಿಸಿದ್ದರು. ಅದು ಆ ಭಕ್ತರ ತಾಯಿಯ ದನಿ, ಬೇರೆಲ್ಲಿಯೂ ಉಳಿದಿರಲಿಲ್ಲ. ಮೊಮ್ಮಗನು ಅಜ್ಜಿಯ ದನಿಯನ್ನು ಅಂದೇ ಮೊದಲು ಕೇಳಿದನು.

ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ. ಈ ಶ್ರಾವಣದೊಳಗೆ ಮನೆಯ ಟ್ರಂಕುಗಳನ್ನು ತೆರೆದು ನೋಡಿರಿ. ಸುರುಳಿಯ ಮೇಲೆ ಹಾಡಿದವರ ಹೆಸರು, ಊರು, ವರ್ಷವನ್ನು ಬರೆಯಿರಿ. ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ಪ್ರತಿ ಮಾಡಿಸಿರಿ, ಮೂಲವನ್ನು ಕಾಯ್ದಿರಿಸಿರಿ. ತೊಳೆಯುವ ಕೈಗೆ ಕೊಳೆ ಯಾವುದು, ಜೀವಕಳೆ ಯಾವುದು ಎಂಬ ವಿವೇಕವಿದ್ದರೆ ಅದೂ ಒಂದು ಕಾಯಕ. ಮುಂದಿನವರಿಗೆ ಹಿರಿಯರ ದನಿಯನ್ನು ಉಣಬಡಿಸುವ ದಾಸೋಹ.