ರಕ್ತದ ಸಾಕ್ಷ್ಯ: ಶ್ವಾಸಕೋಶದ ಜ್ವರದಲ್ಲಿ ಮನೆಯವರು ತಿಳಿಯತಕ್ಕ ಸಂಗತಿಗಳು

ಜೋಯಿಡಾ ಸೀಮೆಯ ಕಾಡಿನ ನಡುವಣ ಒಂದು ಕೇರಿಯನ್ನು ನೆನೆದುಕೊಳ್ಳಿರಿ. ಮಳೆಗಾಲ, ಮನೆಯ ಹಿರಿಯರಿಗೆ ಜ್ವರ. ಮೂರು ದಿನ ಗಂಜಿ ಕಷಾಯಗಳಲ್ಲಿ ಕಳೆದವು. ಐದನೆಯ ದಿನ ಕೆಮ್ಮು ಬಲಿಯಿತು. ಏಳನೆಯ ದಿನ ಅಂಗಳದಿಂದ ಜಗಲಿಗೆ ಬರುವಷ್ಟರಲ್ಲಿಯೇ ಏದುಸಿರು. "ಈಗಲೇ ಹೊರಡೋಣವೇ, ನಾಳೆಯವರೆಗೆ ನೋಡೋಣವೇ?" ಎಂದು ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡುವರು. ದೊಡ್ಡ ಆಸ್ಪತ್ರೆಯೆಂದರೆ ಒಂದು ಕಡೆ ಘಟ್ಟವಿಳಿದು ಕಾರವಾರ, ಇನ್ನೊಂದು ಕಡೆ ಧಾರವಾಡ, ಹುಬ್ಬಳ್ಳಿ. ದಾಂಡೇಲಿ, ಹಳಿಯಾಳ, ಮುಂಡಗೋಡಗಳ ಜನರಿಗೂ ಕಠಿನ ರೋಗವೆಂದರೆ ಪ್ರಯಾಣವೇ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನರು ೨೦೨೨ರಲ್ಲಿ ಒಕ್ಕೊರಲಿನಿಂದ ಕೇಳಿದುದು ಸುಮ್ಮನೆಯಲ್ಲ. ಹಾದಿ ದೂರವಿರುವವರಿಗೆ ಹೊರಡುವ ಹೊತ್ತೇ ಅರ್ಧ ಚಿಕಿತ್ಸೆ.

ಈ ವ್ಯಾಧಿ ನಮ್ಮ ನಾಡಿಗೆ ಹೊಸದಲ್ಲ. ೧೯೧೮ರ ಇನ್‌ಫ್ಲುಯೆಂಜಾ ಮಾರಿಯು ಆಗಿನ ಮುಂಬಯಿ ಇಲಾಖೆಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಜನರನ್ನು ಬಲಿಗೊಂಡಿತು. ನಮ್ಮ ಜಿಲ್ಲೆಯೂ ಆಗ ಆ ಇಲಾಖೆಗೇ ಸೇರಿದ್ದಿತು. ಸತ್ತವರಲ್ಲಿ ಬಹು ಮಂದಿ ಶ್ವಾಸಕೋಶದ ಉರಿಯೂತದಿಂದ, ಎಂದರೆ ನ್ಯುಮೋನಿಯಾದಿಂದ ತೀರಿಕೊಂಡರು. ೨೦೨೦ರ ಮಾರ್ಚ್ ತಿಂಗಳಿನಲ್ಲಿ ಕಲಬುರಗಿಯ ವೃದ್ಧರೊಬ್ಬರು ಕೋವಿಡ್ ರೋಗದಿಂದ ಮಡಿದರು. ಭಾರತದಲ್ಲಿ ಆ ರೋಗದ ಮೊದಲನೆಯ ಮರಣವೆಂದು ಅದು ದಾಖಲಾಯಿತು. ಅಲ್ಲಿಂದ ಮುಂದೆ ಸಿ.ಆರ್.ಪಿ., ಡಿ-ಡೈಮರ್, ಫೆರಿಟಿನ್ ಎಂಬ ಹೆಸರುಗಳು ಆಸ್ಪತ್ರೆಯ ಚೀಟಿಯಿಂದ ಮನೆಮಾತಿಗೆ ಇಳಿದವು. ಹೆಸರು ತಿಳಿಯಿತು, ಅರ್ಥ ತಿಳಿಯದೆ ಎಷ್ಟೋ ಮನೆಗಳಲ್ಲಿ ಅನಾವಶ್ಯಕವಾದ ಭಯವೂ, ಕೆಲವೆಡೆ ಅಪಾಯಕರವಾದ ಧೈರ್ಯವೂ ಹುಟ್ಟಿದವು.

ಈ ಪರೀಕ್ಷೆಗಳಲ್ಲಿ ಮೊದಲನೆಯದು ನ್ಯುಮೋನಿಯಾದಿಂದಲೇ ಹುಟ್ಟಿತೆಂಬುದು ಸ್ವಾರಸ್ಯವಾದ ಸಂಗತಿ. ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್, ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ಸಂಶೋಧಕರು ನ್ಯುಮೋನಿಯಾ ರೋಗಿಗಳ ರಕ್ತದ ತಿಳಿಯನ್ನು ಪರೀಕ್ಷಿಸುತ್ತಿದ್ದರು. ನ್ಯುಮೋಕಾಕಸ್ ಎಂಬ ರೋಗಾಣುವಿನಿಂದ ತೆಗೆದ 'ಸಿ' ಎಂಬ ದ್ರವ್ಯವನ್ನು ಅದಕ್ಕೆ ಬೆರೆಸಿದಾಗ ಗಸಿ ಕಟ್ಟಿತು. ರೋಗಿಯು ಚೇತರಿಸಿಕೊಂಡಂತೆ ಆ ಗುಣವು ಮಾಯವಾಯಿತು. ಆ ಗಸಿಗೆ ಕಾರಣವಾದ ಪ್ರೋಟೀನನ್ನೇ ಇಂದು ಸಿ-ರಿಯಾಕ್ಟಿವ್ ಪ್ರೋಟೀನ್ ಎನ್ನುವರು. ದೇಹದಲ್ಲಿ ಎಲ್ಲಿಯಾದರೂ ಉರಿಯೂತವಾದರೆ ಯಕೃತ್ತು ಇದನ್ನು ಹೇರಳವಾಗಿ ತಯಾರಿಸುವುದು. ಸ್ವಸ್ಥರಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ ೧೦ ಮಿಲಿಗ್ರಾಮಿನೊಳಗೆ ಇರುವುದು. ಬಲವಾದ ನ್ಯುಮೋನಿಯಾದಲ್ಲಿ ನೂರನ್ನೂ ದಾಟಬಹುದು.

ಉಳಿದವುಗಳ ಮಾತೂ ಹೀಗೆಯೇ. ರಕ್ತವು ನಾಳದೊಳಗೆ ಹೆಪ್ಪುಗಟ್ಟಿ, ಆ ಹೆಪ್ಪು ಕರಗುವಾಗ ಉಳಿಯುವ ಚೂರೇ ಡಿ-ಡೈಮರ್. ಜೀವಕೋಶಗಳು ಒಡೆದಾಗ ಸೋರಿ ಬರುವುದು ಎಲ್.ಡಿ.ಎಚ್. ಕಬ್ಬಿಣದ ಕಣಜದಂತಿರುವ ಫೆರಿಟಿನ್ ಸಹ ಉರಿಯೂತದಲ್ಲಿ ಏರುವುದು. ವಿಷಾಣುವಿನೊಡನೆ ಹೋರಾಡತಕ್ಕ ಲಿಂಫೋಸೈಟ್ ಎಂಬ ಬಿಳಿಯ ಕಣಗಳು ಮಾತ್ರ ಕಠಿನ ಕಾಯಿಲೆಯಲ್ಲಿ ಇಳಿಯುವುವು.

ಈ ಅಂಕೆಗಳಿಗೂ ರೋಗಿಯ ಗತಿಗೂ ಸಂಬಂಧವುಂಟೇ? ಉಂಟು. ಚೀನಾದ ವುಹಾನ್ ನಗರದ ಎರಡು ಆಸ್ಪತ್ರೆಗಳ ೧೯೧ ರೋಗಿಗಳ ವೃತ್ತಾಂತವು ೨೦೨೦ರಲ್ಲಿ ಪ್ರಕಟವಾಯಿತು. ಅವರಲ್ಲಿ ೧೩೭ ಮಂದಿ ಗುಣವಾಗಿ ಮನೆಗೆ ಹೋದರು, ೫೪ ಮಂದಿ ತೀರಿಕೊಂಡರು. ವಯಸ್ಸು ಹೆಚ್ಚಾದವರಲ್ಲಿಯೂ, ಆಸ್ಪತ್ರೆಗೆ ಸೇರುವಾಗಲೇ ಡಿ-ಡೈಮರ್ ಮಿಲಿಲೀಟರಿಗೆ ೧ ಮೈಕ್ರೋಗ್ರಾಮನ್ನು ಮೀರಿದ್ದವರಲ್ಲಿಯೂ ಮರಣದ ಸಂಭವವು ಅಧಿಕವಾಗಿದ್ದಿತು.

ಅಂಕೆಯು ಭಯಕ್ಕಲ್ಲದೆ ಉಪಯೋಗಕ್ಕೂ ಬರುವುದೆಂಬುದಕ್ಕೆ ಬ್ರಿಟನ್ನಿನಲ್ಲಿ ನಡೆದ 'ರಿಕವರಿ' ಎಂಬ ದೊಡ್ಡ ಪರೀಕ್ಷೆಯೇ ನಿದರ್ಶನ. ಆಮ್ಲಜನಕ ಕುಗ್ಗಿ, ಸಿ.ಆರ್.ಪಿ. ೭೫ ಅಥವಾ ಅದಕ್ಕಿಂತ ಹೆಚ್ಚಾಗಿದ್ದ ರೋಗಿಗಳಲ್ಲಿ ಕೆಲವರಿಗೆ ಟೊಸಿಲಿಜುಮಾಬ್ ಎಂಬ ಔಷಧವನ್ನು ಕೊಟ್ಟರು. ೨೮ ದಿನಗಳೊಳಗೆ ಅದನ್ನು ಪಡೆದವರಲ್ಲಿ ನೂರಕ್ಕೆ ೩೧ ಮಂದಿಯೂ, ಪಡೆಯದವರಲ್ಲಿ ೩೫ ಮಂದಿಯೂ ಮಡಿದರೆಂದು ೨೦೨೧ರಲ್ಲಿ ತಿಳಿದುಬಂದಿತು. ಅದೇ ಪರೀಕ್ಷೆಯು ೨೦೨೦ರ ಜೂನ್ ತಿಂಗಳಿನಲ್ಲಿ ಅಗ್ಗದ ಡೆಕ್ಸಾಮೆಥಾಸೋನ್ ಔಷಧದ ಗುಣವನ್ನೂ ತೋರಿಸಿತು. ಯಂತ್ರದ ಮೂಲಕ ಉಸಿರಾಡುತ್ತಿದ್ದವರ ಮರಣವು ಸುಮಾರು ಮೂರರಲ್ಲೊಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರ ಮರಣವು ಐದರಲ್ಲೊಂದು ಪಾಲು ತಗ್ಗಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ.

ಈ ಕೊನೆಯ ಮಾತನ್ನು ಗೃಹಸ್ಥರು ಮರೆಯಬಾರದು. ೨೦೨೧ರ ಬೇಸಗೆಯಲ್ಲಿ ಅನೇಕರು ಸಣ್ಣ ಜ್ವರಕ್ಕೇ ತಾವಾಗಿ ರಕ್ತಪರೀಕ್ಷೆ ಮಾಡಿಸಿ, ಅಂಕೆ ಏರಿತೆಂದು ಹೆದರಿ ಸ್ಟೀರಾಯ್ಡ್ ಗುಳಿಗೆಗಳನ್ನು ನುಂಗಿದರು. ಸಕ್ಕರೆಕಾಯಿಲೆ ಮತ್ತು ಸ್ಟೀರಾಯ್ಡುಗಳು ಕೂಡಿದೆಡೆಯಲ್ಲಿ ಕಪ್ಪು ಶಿಲೀಂಧ್ರವೆಂಬ ಘೋರ ವ್ಯಾಧಿಯು ಹಲವರನ್ನು ಹಿಡಿಯಿತು. ಆಗ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಅವರು, ಆಮ್ಲಜನಕವು ಸರಿಯಾಗಿರುವ ಲಘು ರೋಗಿಗಳಿಗೆ ಇಂತಹ ಪರೀಕ್ಷೆಗಳು ಬೇಡವೆಂದು ಎಚ್ಚರಿಸಿದರು. ಕಾರಣವಿಷ್ಟೆ: ಹಲ್ಲಿನ ಬಾವು, ಗಾಯ, ಕೀಲುನೋವುಗಳಲ್ಲಿಯೂ ಸಿ.ಆರ್.ಪಿ. ಏರುವುದು, ಮುಪ್ಪಿನಲ್ಲಿಯೂ ಬಸಿರಿನಲ್ಲಿಯೂ ಡಿ-ಡೈಮರ್ ಹೆಚ್ಚಿರುವುದು. ಅಳತೆಯ ಮಾನವನ್ನೂ ನೋಡತಕ್ಕದ್ದು. ಡೆಸಿಲೀಟರಿಗೆ ೭.೫ ಎಂದು ಒಂದು ಪ್ರಯೋಗಶಾಲೆಯು ಬರೆದುದೂ, ಲೀಟರಿಗೆ ೭೫ ಎಂದು ಇನ್ನೊಂದು ಬರೆದುದೂ ಒಂದೇ; ಮಾನವನ್ನು ನೋಡದೆ ಅಂಕೆಯನ್ನಷ್ಟೇ ಓದಿದವರು ಮೋಸಹೋಗುವರು. ಒಂದು ದಿನದ ಅಂಕೆಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ವೈದ್ಯರಿಗೆ ಮುಖ್ಯ. ರಕ್ತದ ಅಂಕೆ ಜಾತಕವಲ್ಲ. ಅಂಕೆ ಏರಿದವರೆಲ್ಲ ಸಾಯುವುದಿಲ್ಲ, ಏರದವರೆಲ್ಲ ನಿಶ್ಚಿಂತರೂ ಅಲ್ಲ.

ಹಾಗಾದರೆ ಮನೆಯವರು ನೋಡತಕ್ಕದ್ದೇನು? ಉಸಿರು. ರೋಗಿಯು ಸುಮ್ಮನೆ ಕುಳಿತಿರುವಾಗ ಎದೆ ಏಳುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿರಿ. ವಯಸ್ಕರಲ್ಲಿ ಅದು ೨೪ನ್ನು ಮುಟ್ಟಿದರೆ ತಡಮಾಡಲಾಗದು. ೩೦ ಮೀರಿದರೆ ಪ್ರಾಣಾಪಾಯ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದ್ದರೆ, ೯೪ಕ್ಕಿಂತ ಕೆಳಗಿಳಿದೊಡನೆ ಹೊರಡಿರಿ. ಆದರೆ ಈ ಯಂತ್ರವನ್ನೂ ಪೂರ್ಣವಾಗಿ ನಂಬಲಾಗದು. ನಿಜವಾಗಿ ಆಮ್ಲಜನಕ ಕುಗ್ಗಿದ್ದರೂ ಯಂತ್ರವು ಸರಿಯೆಂದೇ ತೋರಿಸುವ ಪ್ರಮಾದವು ಕಪ್ಪು ಮೈಬಣ್ಣದವರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಅಮೆರಿಕದಲ್ಲಿ ೨೦೨೦ರಲ್ಲಿ ಕಂಡುಬಂದಿತು. ಹಳಿಯಾಳ, ಮುಂಡಗೋಡ, ಜೋಯಿಡಾಗಳಲ್ಲಿ ಬಾಳುತ್ತಿರುವ ನಮ್ಮ ಸಿದ್ದಿ ಬಾಂಧವರೂ, ಕಪ್ಪು ಮೈಬಣ್ಣದ ಇತರರೂ ಇದನ್ನು ವಿಶೇಷವಾಗಿ ಗಮನಿಸಬೇಕು. ಯಂತ್ರವು ೯೫ ಎಂದರೂ ಉಸಿರು ಕಟ್ಟುತ್ತಿದ್ದರೆ ಉಸಿರಿನ ಮಾತನ್ನೇ ನಂಬತಕ್ಕದ್ದು. ತುಟಿ ನೀಲಿಗಟ್ಟುವುದು, ಮಾತು ತಡವರಿಸುವುದು, ಹಿರಿಯರು ಮಂಕಾಗುವುದು, ಇವೂ ಹೊರಡುವ ಕರೆಗಳೇ.

ಹೊರಡುವಾಗ ಜ್ವರ ಬಂದ ದಿನ, ತೆಗೆದುಕೊಂಡ ಔಷಧಗಳು, ಸಕ್ಕರೆ ಅಥವಾ ರಕ್ತದ ಒತ್ತಡದ ಕಾಯಿಲೆ, ಇವನ್ನೊಂದು ಚೀಟಿಯಲ್ಲಿ ಬರೆದು, ಹಳೆಯ ಪರೀಕ್ಷೆಗಳ ಕಾಗದಗಳೊಡನೆ ಕೊಂಡೊಯ್ಯಿರಿ. ರಕ್ತದ ಸಾಕ್ಷ್ಯವನ್ನು ತೂಗಿ ನೋಡುವ ಹೊಣೆ ವೈದ್ಯರದು. ಸಾಕ್ಷಿಯನ್ನು ಹೊತ್ತಿಗೆ ಸರಿಯಾಗಿ ಅವರ ಮುಂದೆ ತಲಪಿಸುವ ಹೊಣೆ ಮನೆಯವರದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗಬಾರದು. ಮಳೆಗಾಲಕ್ಕೆ ಸೌದೆ ಕೂಡಿಡುವ ನಾವು, ಆಪತ್ತಿನಲ್ಲಿ ಯಾವ ಹಾದಿ, ಯಾರ ಬಂಡಿ, ಯಾವ ಆಸ್ಪತ್ರೆ ಎಂಬುದನ್ನೂ ಮೊದಲೇ ಮಾತಾಡಿಟ್ಟುಕೊಂಡರೆ, "ನಾಳೆ ನೋಡೋಣ" ಎಂಬ ಮಾತಿಗೆ ಒಂದು ಜೀವವನ್ನು ತೆರಬೇಕಾಗಿ ಬಾರದು.